ತಡವಾದ ಮೇಲ್ಮನವಿ: ‘ಅಂಚೆ ತಲುಪಿದೆ’ ಎಂಬ ಊಹೆಯನ್ನು ಎದುರಿಸಿ ವಿಳಂಬ ಮನ್ನಾ ಪಡೆಯುವ ಕ್ರಮ

‘ಆದೇಶ ನನ್ನ ಕೈಗೆ ಸೇರಲೇ ಇಲ್ಲ, ಆದ್ದರಿಂದ ವಿಳಂಬವನ್ನು ಮನ್ನಿಸಬೇಕು.’ ಇಷ್ಟೇ ಬರೆದ ಅರ್ಜಿಗಳು ಸಿವಿಲ್ ಕೋರ್ಟುಗಳಲ್ಲಿ, ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗಳಲ್ಲಿ, ಗ್ರಾಹಕರ ಆಯೋಗಗಳಲ್ಲಿ ಒಂದರ ಹಿಂದೊಂದು ವಜಾ ಆಗುತ್ತಿವೆ. ಎದುರು ಪಕ್ಷದ ವಕೀಲರು ಕಡತದಿಂದ ರಿಜಿಸ್ಟರ್ಡ್ ಪೋಸ್ಟಿನ ರಸೀದಿ ತೆಗೆದು ತೋರಿಸುತ್ತಾರೆ. ವಿಳಾಸ ಸರಿಯಿದೆ, ಅಂಚೆ ಚೀಟಿ ಸರಿಯಿದೆ, ಲಕೋಟೆ ರವಾನೆಯಾಗಿದೆ. ಇಷ್ಟಿದ್ದರೆ, ಬೇರೆ ರೀತಿ ಸಾಬೀತಾಗದ ಹೊರತು, ಅದು ತಲುಪಿತೆಂದೇ ಕಾನೂನು ಊಹಿಸುತ್ತದೆ. ಉತ್ತರ ಕೊಡಲು ಮೇಲ್ಮನವಿದಾರರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಹೀಗೆ ಹುರುಳಿರುವ ಕೇಸೂ ಒಳಗೆ ಹೋಗುವ ಮೊದಲೇ ಬಿದ್ದುಹೋಗುತ್ತದೆ.

ಬಹುತೇಕ ಕಡೆ ಎಡವಟ್ಟಾಗುವುದು ಕೆಲಸದ ಅನುಕ್ರಮದಲ್ಲಿ. ಜನ ಮೊದಲು ಕಾರಣ ಬರೆಯುತ್ತಾರೆ, ಆಮೇಲೆ ದಿನ ಎಣಿಸುತ್ತಾರೆ, ಅಂಚೆಯ ದಾಖಲೆಯನ್ನು ಕೊನೆಗೆ ಹುಡುಕುತ್ತಾರೆ. ಮಾಡಬೇಕಾದದ್ದು ತಿರುಗಾಮುರುಗಾ: ಕಾಲಮಿತಿ ಶುರುವಾದ ದಿನ ಮೊದಲು, ಅಂಚೆಯ ಪುರಾವೆ ಆಮೇಲೆ, ಕಾರಣ ಕೊನೆಗೆ.

## ಕೂರುವ ಮುನ್ನ ಕೈಗೆ ಬೇಕಾದವು

ತೀರ್ಪು ಅಥವಾ ಆದೇಶದ ದೃಢೀಕೃತ ನಕಲು, ಕೆಳಗಿನ ಕೋರ್ಟಿನ ಆರ್ಡರ್ ಶೀಟ್, ಆದೇಶ ಬಂದ ಲಕೋಟೆ (ಬಂದಿದ್ದರೆ), ಮತ್ತು ಒಂದು ಕ್ಯಾಲೆಂಡರ್. ಕೋರ್ಟಿನ ಕೇಸಾದರೆ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದಿನಾಂಕಗಳನ್ನು ನೋಡಬಹುದು. ಆದರೆ ಆ್ಯಪ್‌ನಲ್ಲಿ ಕಂಡ ದಿನಾಂಕವನ್ನು ಆರ್ಡರ್ ಶೀಟಿಗೆ ತಾಳೆ ನೋಡದೆ ಅಫಿಡವಿಟ್‌ಗೆ ಇಳಿಸಬೇಡಿ.

ಲಕೋಟೆಯನ್ನು ಯಾವ ಕಾರಣಕ್ಕೂ ಎಸೆಯಬೇಡಿ. ಒಳಗಿನ ಕಾಗದ ಇಟ್ಟುಕೊಂಡು ಕವರ್ ಹರಿದು ಹಾಕುವುದು ನಮ್ಮ ಮನೆಗಳ ರೂಢಿ. ಕವರಿನ ಮೇಲಿನ ಅಂಚೆ ಮೊಹರು, ಬಾರ್‌ಕೋಡ್, ಬರೆದ ವಿಳಾಸ ಇವೇ ಮುಂದೆ ನಿಮ್ಮ ಸಾಕ್ಷಿ.

## ಹಂತ 1: ಕಾಲಮಿತಿ ಯಾವ ದಿನದಿಂದ ಓಡುತ್ತದೆ?

ಎಲ್ಲ ಮೇಲ್ಮನವಿಗಳಿಗೂ ‘ನನಗೆ ಗೊತ್ತಾದ ದಿನದಿಂದ’ ಲೆಕ್ಕ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ನಿಮ್ಮ ಪ್ರಕರಣ ಮುಂದಿನ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಮೊದಲು ತೀರ್ಮಾನಿಸಿ.

ಮೊದಲನೆಯದು, ಸಿವಿಲ್ ಕೋರ್ಟಿನ ತೀರ್ಪು. ಇಲ್ಲಿ ಲೆಕ್ಕ ಡಿಕ್ರಿಯ ದಿನದಿಂದ, ಅಂದರೆ ತೀರ್ಪು ಓದಿದ ದಿನದಿಂದ. 1963ರ ಕಾಲಮಿತಿ ಕಾಯಿದೆಯ 116ನೇ ಅನುಚ್ಛೇದದ ಪ್ರಕಾರ ಹೈಕೋರ್ಟಿಗಾದರೆ 90 ದಿನ, ಬೇರೆ ಮೇಲಿನ ಕೋರ್ಟಿಗಾದರೆ 30 ದಿನ. ಕೌಟುಂಬಿಕ ನ್ಯಾಯಾಲಯದ ತೀರ್ಪಿಗೆ 30 ದಿನ, ಮೋಟಾರು ಅಪಘಾತ ಪರಿಹಾರದ ಆದೇಶಕ್ಕೆ 90 ದಿನ, ಹೈಕೋರ್ಟಿನ ಏಕಸದಸ್ಯ ಪೀಠದ ರಿಟ್ ಆದೇಶದ ಮೇಲಿನ ರಿಟ್ ಅಪೀಲಿಗೆ 30 ದಿನ. ಸಿವಿಲ್ ಕೋರ್ಟು ತೀರ್ಪನ್ನು ನಿಮ್ಮ ಮನೆಗೆ ಅಂಚೆಯಲ್ಲಿ ಕಳಿಸುವುದಿಲ್ಲ. ಹಾಗಾಗಿ ‘ತೀರ್ಪು ಅಂಚೆಯಲ್ಲಿ ಬರಲಿಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ತೀರ್ಪಿನ ದಿನ ನಿಮ್ಮ ವಕೀಲರು ಹಾಜರಿದ್ದರೆ ನಿಮಗೂ ಗೊತ್ತಿತ್ತು ಎಂದೇ ಕೋರ್ಟು ಹೊರಡುತ್ತದೆ.

ಎರಡನೆಯದು, ನಿಮ್ಮ ಗೈರುಹಾಜರಿಯಲ್ಲಿ ಆದ ಎಕ್ಸ್‌ಪಾರ್ಟಿ ಡಿಕ್ರಿ. ಅದನ್ನು ರದ್ದು ಮಾಡಿಸಲು ಅದೇ ಕೋರ್ಟಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬೇಕು. ಅವಧಿ 30 ದಿನ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಈ 30 ದಿನ ನಿಮಗೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಶುರು. ಪತ್ರಿಕೆಯಲ್ಲಿ ಪ್ರಕಟಿಸಿ ಮಾಡಿದ ಬದಲಿ ಜಾರಿಯನ್ನು ಈ ಲೆಕ್ಕದ ಮಟ್ಟಿಗೆ ಸರಿಯಾದ ಜಾರಿ ಎಂದು ಹಿಡಿಯುವಂತಿಲ್ಲ ಎಂದು ಕಾಲಮಿತಿ ಕಾಯಿದೆಯ 123ನೇ ಅನುಚ್ಛೇದದ ವಿವರಣೆಯೇ ಹೇಳುತ್ತದೆ. ಒಳ್ಳೆಯ ಅಸ್ತ್ರ, ಆದರೆ ಹೆಚ್ಚಿನವರು ಬಳಸುವುದೇ ಇಲ್ಲ. ಒಂದು ಎಚ್ಚರಿಕೆಯೂ ಇದೆ. ಜಾರಿಯಲ್ಲಿ ಲೋಪವಿದ್ದರೂ ವಿಚಾರಣೆಯ ದಿನ ನಿಮಗೆ ಗೊತ್ತಿತ್ತು, ಬರಲು ಸಮಯವೂ ಇತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ ಲೋಪವೊಂದರಿಂದಲೇ ಡಿಕ್ರಿ ಬೀಳುವುದಿಲ್ಲ. ಅದೇ ಡಿಕ್ರಿಯ ಮೇಲೆ ಅಪೀಲು ಹಾಕಿ ಅದು ತೀರ್ಮಾನವಾಗಿಬಿಟ್ಟರೆ ಈ ಅರ್ಜಿಯ ದಾರಿ ಮುಚ್ಚುತ್ತದೆ. ಆದ್ದರಿಂದ ಎರಡರಲ್ಲಿ ಯಾವುದು ಮೊದಲು ಎಂದು ವಕೀಲರ ಜೊತೆ ಕೂತು ನಿರ್ಧರಿಸಿ.

ಮೂರನೆಯದು, ಅಧಿಕಾರಿಗಳು ಮತ್ತು ಪ್ರಾಧಿಕಾರಗಳ ಆದೇಶ. ಅಂಚೆಯ ಪ್ರಶ್ನೆ ನಿಜವಾಗಿ ಎದ್ದು ನಿಲ್ಲುವುದು ಇಲ್ಲಿ. ಜಿ.ಎಸ್.ಟಿ. ಕಾಯಿದೆಯ 107ನೇ ಕಲಮಿನಲ್ಲಿ ಆದೇಶವನ್ನು ತಿಳಿಸಿದ ದಿನದಿಂದ ಮೂರು ತಿಂಗಳು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯಲ್ಲಿ ಆದೇಶದ ಪ್ರತಿ ಕೈಸೇರಿದ ದಿನದಿಂದ 60 ದಿನ. ಮಾಹಿತಿ ಹಕ್ಕಿನಲ್ಲಿ ಉತ್ತರ ಬಂದ ದಿನದಿಂದ ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ. ಜಿಲ್ಲಾ ಗ್ರಾಹಕರ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಹೋಗಲು 2019ರ ಕಾಯಿದೆ 45 ದಿನ ಕೊಟ್ಟಿದೆ.

ಕಾಯಿದೆಯಲ್ಲಿ ಬರೀ ‘ಆದೇಶದ ದಿನದಿಂದ’ ಎಂದಿದ್ದರೆ? 1961ರಲ್ಲಿ ರಾಜಾ ಹರೀಶ್ ಚಂದ್ರ ರಾಜ್ ಸಿಂಗ್ ಪ್ರಕರಣದಲ್ಲಿ, ಭೂಸ್ವಾಧೀನದ ಐತೀರ್ಪಿನ (ಅವಾರ್ಡ್) ಬಗ್ಗೆ, ಸುಪ್ರೀಂ ಕೋರ್ಟು ಹೇಳಿದ್ದು: ಯಾರ ಹಕ್ಕಿಗೆ ಧಕ್ಕೆಯಾಗುತ್ತದೋ ಅವರಿಗೆ ಆದೇಶ ತಿಳಿದ ದಿನ, ಇಲ್ಲವೇ ತಿಳಿದಿರಲೇಬೇಕಾದ ದಿನ, ಅದೇ ಲೆಕ್ಕದ ದಿನ. ತೆರೆದ ವಿಚಾರಣೆಯಲ್ಲಿ ಹೇಳದೆ ಕಚೇರಿಯೊಳಗೇ ಸಹಿಯಾದ ಆದೇಶಗಳಿಗೆ ಇದು ಆಧಾರವಾಗಿ ನಿಲ್ಲುತ್ತದೆ. ‘ತಿಳಿದಿರಲೇಬೇಕಾದ’ ಎಂಬ ಭಾಗವನ್ನು ಮರೆಯಬೇಡಿ. ರಿಜಿಸ್ಟರ್ಡ್ ಅಂಚೆಯ ಊಹೆ ಒಳಗೆ ಬರುವುದು ಆ ಬಾಗಿಲಿನಿಂದಲೇ.

## ಹಂತ 2: ದಿನ ಎಣಿಸಿ, ನಕಲಿನ ಬೆನ್ನು ಓದಿ

ತೀರ್ಪಿನ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ದೃಢೀಕೃತ ನಕಲು ಪಡೆಯಲು ಬೇಕಾದ ಸಮಯವನ್ನು ಕಾಲಮಿತಿ ಕಾಯಿದೆಯ 12ನೇ ಕಲಮು ಕಳೆದುಕೊಡುತ್ತದೆ. ಎಷ್ಟು ದಿನ ಎಂಬುದು ನಕಲಿನ ಹಿಂಬದಿಯ ಮೊಹರಿನಲ್ಲಿರುತ್ತದೆ: ಅರ್ಜಿ ಹಾಕಿದ ದಿನ, ಶುಲ್ಕ ಕೇಳಿದ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ.

ಒಂದು ಲೆಕ್ಕ ಮಾಡೋಣ. ಸಿವಿಲ್ ನ್ಯಾಯಾಧೀಶರ ತೀರ್ಪು 2024ರ ಜೂನ್ 3ಕ್ಕೆ. ಅಪೀಲಿಗೆ 30 ದಿನ, ಅಂದರೆ ಜುಲೈ 3. ಜೂನ್ 10ಕ್ಕೆ ನಕಲಿಗೆ ಅರ್ಜಿ, ಜೂನ್ 24ಕ್ಕೆ ನಕಲು ಸಿದ್ಧ. ಎರಡೂ ದಿನ ಸೇರಿ 15 ದಿನ ಕಳೆಯುತ್ತದೆ, ಕೊನೆಯ ದಿನ ಜುಲೈ 18. ಅಪೀಲು ಹಾಕಿದ್ದು ಸೆಪ್ಟೆಂಬರ್ 2ಕ್ಕಾದರೆ ವಿಳಂಬ 46 ದಿನ. ಅರ್ಜಿಯಲ್ಲಿ ‘ಸುಮಾರು ಎರಡು ತಿಂಗಳು’ ಎಂದು ಬರೆಯಬಾರದು, 46 ಎಂದೇ ಬರೆಯಬೇಕು.

ಈ ಲೆಕ್ಕದಲ್ಲಿ ಪದೇಪದೇ ಆಗುವ ತಪ್ಪುಗಳಿವು. ಶುಲ್ಕ ಕೇಳಿದ ಮೇಲೆ ನೀವು ಒಂದು ವಾರ ಬಿಟ್ಟು ಕಟ್ಟಿದರೆ ಆ ವಾರ ನಿಮ್ಮ ತಲೆಗೇ. ನಕಲು ಸಿದ್ಧವಾದ ಮೇಲೆ ತಡವಾಗಿ ತಂದರೂ ಹಾಗೆಯೇ. ಕಾಲಮಿತಿ ಮುಗಿದ ನಂತರ ನಕಲಿಗೆ ಅರ್ಜಿ ಹಾಕಿದವರಿಗೆ ಈ ರಿಯಾಯಿತಿಯಿಂದ ಉಪಯೋಗವಿಲ್ಲ. ಕಳೆಯಲು ಅವಧಿಯೇ ಉಳಿದಿರುವುದಿಲ್ಲ. ‘ಮೂರು ತಿಂಗಳು’ ಎಂದಿರುವಲ್ಲಿ 90 ದಿನ ಎಂದು ಎಣಿಸಬಾರದು, ಕ್ಯಾಲೆಂಡರ್ ತಿಂಗಳೇ ಲೆಕ್ಕ.

ಕೊನೆಯ ದಿನ ರಜೆ ಬಿದ್ದರೆ, ಬೇಸಿಗೆ ರಜೆಯಾದರೂ ಸರಿ, ಕೋರ್ಟು ತೆರೆದ ದಿನವೇ ಹಾಕಿದರೆ ಸಕಾಲಿಕ. ತೆರೆದ ದಿನದ ಮರುದಿನ ಹಾಕಿದರೆ ರಜೆಯ ಅಷ್ಟೂ ದಿನ ವಿಳಂಬಕ್ಕೆ ಸೇರಿಕೊಳ್ಳುತ್ತದೆ. ಹಳೆಯ ಕೇಸಾದರೆ ಇನ್ನೊಂದು ವಿಷಯ: ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಲೆಕ್ಕದಿಂದ ಕೈಬಿಟ್ಟಿದೆ.

## ಹಂತ 3: ದಾಟಲಾಗದ ಗಡಿ ಇದೆಯೇ ನೋಡಿ

ಕಾಲಮಿತಿ ಕಾಯಿದೆಯ 5ನೇ ಕಲಮು ‘ಸಾಕಷ್ಟು ಕಾರಣ’ ಇದ್ದರೆ ಎಷ್ಟೇ ದಿನದ ವಿಳಂಬವನ್ನಾದರೂ ಮನ್ನಿಸುವ ಅಧಿಕಾರ ಕೊಡುತ್ತದೆ. ಆದರೆ ಕೆಲವು ವಿಶೇಷ ಕಾಯಿದೆಗಳು ಆ ಅಧಿಕಾರಕ್ಕೆ ಬೇಲಿ ಹಾಕಿವೆ. ಜಿ.ಎಸ್.ಟಿ. ಮೇಲ್ಮನವಿಯಲ್ಲಿ ಮೂರು ತಿಂಗಳ ಮೇಲೆ ಇನ್ನೊಂದು ತಿಂಗಳು ಮಾತ್ರ. ಮಧ್ಯಸ್ಥಿಕೆ ಐತೀರ್ಪು ರದ್ದತಿಗೆ ಮೂರು ತಿಂಗಳ ಮೇಲೆ 30 ದಿನ, ಆಮೇಲೆ ಒಂದು ದಿನವೂ ಇಲ್ಲ. 2013ರ ಭೂಸ್ವಾಧೀನ ಕಾಯಿದೆಯ 74ನೇ ಕಲಮಿನಲ್ಲಿ ಹೈಕೋರ್ಟಿಗೆ 60 ದಿನ, ಮೇಲೆ ಗರಿಷ್ಠ 60 ದಿನ.

ಈ ಹೆಚ್ಚುವರಿ ಅವಧಿಯ ಕೊನೆಯ ದಿನ ರಜೆ ಬಂದರೆ ತೆರೆದ ದಿನ ಹಾಕಬಹುದೆಂದು ನಂಬಬೇಡಿ. ರಜೆಯ ಅನುಕೂಲ ಮೂಲ ಅವಧಿಗೆ ಮಾತ್ರ ಎಂದು ಮಧ್ಯಸ್ಥಿಕೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ.

ಬೇಲಿಯ ಆಚೆ ಬಿದ್ದಿದ್ದರೆ ‘ಆರೋಗ್ಯ ಸರಿಯಿರಲಿಲ್ಲ’ ಎಂಬ ಕಾರಣದಿಂದ ಏನೂ ಆಗದು. ಉಳಿದಿರುವ ಗಟ್ಟಿ ದಾರಿ ಒಂದೇ: ಆದೇಶ ನನಗೆ ತಿಳಿಸಲ್ಪಟ್ಟಿರಲೇ ಇಲ್ಲ, ಕಾಲಮಿತಿ ಶುರುವಾದದ್ದೇ ತಡವಾಗಿ ಎಂದು ಸಾಬೀತು ಮಾಡುವುದು. ಆದ್ದರಿಂದ ಇಂಥ ಕೇಸುಗಳಲ್ಲಿ ಮುಂದಿನ ಎರಡು ಹಂತಗಳೇ ಜೀವಾಳ.

## ಹಂತ 4: ಊಹೆ ಹುಟ್ಟಿದೆಯೇ ಎಂದು ಪರೀಕ್ಷಿಸಿ

1897ರ ಸಾಮಾನ್ಯ ಖಂಡಗಳ ಕಾಯಿದೆಯ 27ನೇ ಕಲಮಿನ ತಿರುಳು ಇದು: ಪತ್ರದ ಮೇಲೆ ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದರೆ ಅದು ಜಾರಿಯಾದಂತೆ. ಬೇರೆ ರೀತಿ ಸಾಬೀತಾಗದ ಹೊರತು, ಅಂಚೆಯ ಮಾಮೂಲು ಓಟದಲ್ಲಿ ಅದು ತಲುಪಬೇಕಾದ ಹೊತ್ತಿಗೆ ತಲುಪಿತೆಂದೇ ಲೆಕ್ಕ. ಸಾಕ್ಷ್ಯ ಕಾಯಿದೆಯ 114ನೇ ಕಲಮೂ (2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮು) ಇದಕ್ಕೆ ಬೆಂಬಲ ಕೊಡುತ್ತದೆ. ಜಿ.ಎಸ್.ಟಿ. ಕಾಯಿದೆಯ 169ನೇ ಕಲಮಿನಲ್ಲಿ ಸ್ಪೀಡ್ ಪೋಸ್ಟಿಗೂ ಇಂಥದ್ದೇ ಮಾತಿದೆ.

ಹಾಗಾದರೆ ಮೊದಲ ಕೆಲಸ ಊಹೆಯನ್ನು ಅಲ್ಲಗಳೆಯುವುದಲ್ಲ. ಊಹೆ ಹುಟ್ಟಲು ಬೇಕಾದ ಷರತ್ತುಗಳು ಪೂರೈಸಿವೆಯೇ ಎಂದು ನೋಡುವುದು. ಅದರಲ್ಲೂ ವಿಳಾಸ. ಲಕೋಟೆಯ ಮೇಲಿನ ಒಂದೊಂದು ಅಕ್ಷರವನ್ನೂ ನಿಮ್ಮ ನಿಜವಾದ ವಿಳಾಸದ ಪಕ್ಕ ಇಟ್ಟು ನೋಡಿ. ಬೆಂಗಳೂರಿನಲ್ಲಿ ಮೇನ್ ಮತ್ತು ಕ್ರಾಸ್ ಅದಲುಬದಲಾಗುವುದು, ಹಳೆಯ ಮನೆ ನಂಬರು ಹೊಸದು ಬೆರೆಯುವುದು ದಿನನಿತ್ಯದ ಕಥೆ. ಬನಶಂಕರಿ 2ನೇ ಹಂತದ ಪಿನ್ 560070, 3ನೇ ಹಂತದ್ದು 560085. ಹಂತ ಬರೆಯದೆ ಬರೀ ‘ಬನಶಂಕರಿ’ ಎಂದು ಬರೆದು ತಪ್ಪು ಪಿನ್ ಹಾಕಿದರೆ ಲಕೋಟೆ ಬೇರೆಯೇ ಅಂಚೆ ಕಚೇರಿಗೆ ಹೋಗುತ್ತದೆ. ಹಳ್ಳಿಯಾದರೆ ತಾಲ್ಲೂಕಿನ ಹೆಸರು ನೋಡಿ. ಹೊಸಹಳ್ಳಿ ಎಂಬ ಊರು ಎಷ್ಟು ತಾಲ್ಲೂಕುಗಳಲ್ಲಿ ಇಲ್ಲ!

ಎರಡನೆಯದಾಗಿ, ಪೋಸ್ಟ್‌ಮ್ಯಾನ್ ಬರೆದ ಷರಾ. ಒಂದೊಂದು ಷರಾಕ್ಕೂ ಪರಿಣಾಮ ಬೇರೆ.

‘ನಿರಾಕರಿಸಿದ್ದಾರೆ’ ಎಂದಿದ್ದರೆ ಕಷ್ಟದ ಸ್ಥಿತಿ. ಲಕೋಟೆ ನಿರಾಕರಿಸಿದವರಿಗೆ ಒಳಗಿನ ವಿಷಯವೂ ಗೊತ್ತಿತ್ತೆಂದು ಹಿಡಿಯಬಹುದು ಎಂದು ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ. ಆ ದಿನ ನೀವು ಊರಲ್ಲೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಈ ಷರಾ ಅಲುಗಾಡುತ್ತದೆ.

‘ಪಡೆಯಲು ಬಂದಿಲ್ಲ’, ‘ಬಾಗಿಲು ಹಾಕಿತ್ತು’ ಎಂಬ ಷರಾಗಳೂ ಸಾಮಾನ್ಯವಾಗಿ ನಿಮ್ಮ ವಿರುದ್ಧವೇ ಹೋಗುತ್ತವೆ. ಚೆಕ್ ಬೌನ್ಸ್ ನೋಟಿಸಿನ ಸಂದರ್ಭದಲ್ಲಿ 1999ರಲ್ಲಿ, ಮತ್ತೆ 2007ರ ಅಲವಿ ಹಾಜಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಊಹೆಯನ್ನು ಎತ್ತಿಹಿಡಿದಿದೆ. ಇಂಥ ಪತ್ರವನ್ನು ಅಂಚೆ ಕಚೇರಿ ಸಾಮಾನ್ಯವಾಗಿ ಏಳು ದಿನ ಇಟ್ಟುಕೊಂಡು, ಮಾಹಿತಿ ಚೀಟಿ ಬಿಟ್ಟು, ಆಮೇಲೆ ವಾಪಸ್ ಕಳಿಸುತ್ತದೆ. ಚೀಟಿ ಬಿಟ್ಟ ದಾಖಲೆ ಲಕೋಟೆಯ ಮೇಲೆ ಇದೆಯೇ, ಏಳು ದಿನ ಕಾದಿದ್ದಾರೆಯೇ ಎಂದು ಮೊಹರುಗಳ ದಿನಾಂಕದಿಂದ ತಿಳಿಯುತ್ತದೆ. ಎರಡೇ ದಿನಕ್ಕೆ ವಾಪಸಾಗಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

‘ಮನೆ ಬಿಟ್ಟಿದ್ದಾರೆ’, ‘ವಿಳಾಸ ಅಪೂರ್ಣ’, ‘ಇಂಥವರು ಯಾರೂ ಇಲ್ಲ’ ಎಂದಿದ್ದರೆ ನಿಮ್ಮ ಕಡೆಗೆ ತೂಕ ಬರುತ್ತದೆ. ಪತ್ರ ತಲುಪಲಿಲ್ಲ ಎಂದು ಅಂಚೆಯವರೇ ಬರೆದುಕೊಟ್ಟಂತಾಯಿತು. ಆದರೆ ಎದುರಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ವಿಳಾಸ ಬದಲಾದದ್ದನ್ನು ನೀವು ತಿಳಿಸಿದ್ದಿರಾ? ಕೇಸು ನಡೆಯುತ್ತಿರುವಾಗ ಮನೆ ಬದಲಿಸಿ ಕಚೇರಿಗೆ ತಿಳಿಸದೇ ಇದ್ದವರಿಗೆ ಈ ಷರಾದಿಂದ ಹೆಚ್ಚು ಲಾಭ ಆಗದು.

ಮೂರನೆಯದು, ಸಹಿ. ಲಕೋಟೆ ಬೇರೆಯವರು ತೆಗೆದುಕೊಂಡಿದ್ದರೆ ಅವರು ಯಾರು? ಸಮನ್ಸಿನ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 15ನೇ ನಿಯಮ, ನೀವು ಮನೆಯಲ್ಲಿ ಸಿಗದಿದ್ದಾಗ ನಿಮ್ಮ ಜೊತೆ ವಾಸವಿರುವ ಕುಟುಂಬದ ವಯಸ್ಕ ಸದಸ್ಯರಿಗೆ ಕೊಡಲು ಒಪ್ಪುತ್ತದೆ. ಮನೆಗೆಲಸದವರನ್ನು ಕುಟುಂಬದವರೆಂದು ಅದು ಹಿಡಿಯುವುದಿಲ್ಲ. ನೀವು ಹತ್ತು ವರ್ಷದಿಂದ ಪುಣೆಯಲ್ಲಿದ್ದು, ಹಾವೇರಿಯ ಹಳ್ಳಿಮನೆಯಲ್ಲಿ ತಾಯಿ ಸಹಿ ಹಾಕಿದ್ದರೆ ‘ಜೊತೆ ವಾಸ’ ಎಂಬ ಮಾತೇ ಅನ್ವಯಿಸುವುದಿಲ್ಲ ಎಂದು ವಾದಿಸಬಹುದು. ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ ಇನ್ನೂ ಹಳ್ಳಿ ವಿಳಾಸದಲ್ಲೇ ಇದ್ದರೆ ಎದುರಾಳಿ ಅದನ್ನೇ ಹಿಡಿಯುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ.

## ಹಂತ 5: ಅಂಚೆಯ ದಾಖಲೆ ಕೈಗೆ ಮಾಡಿಕೊಳ್ಳಿ

ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಇವತ್ತೇ ಶುರು ಮಾಡಿ.

ರವಾನೆಯ ಸಂಖ್ಯೆ 13 ಅಕ್ಷರಗಳದ್ದು: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐ.ಎನ್.’ ಅದನ್ನು ಇಂಡಿಯಾ ಪೋಸ್ಟ್ ಟ್ರ್ಯಾಕಿಂಗ್‌ನಲ್ಲಿ ಹಾಕಿ, ಬಂದ ಇಡೀ ಪಟ್ಟಿಯನ್ನು ದಿನಾಂಕ ಕಾಣುವಂತೆ ಮುದ್ರಿಸಿಕೊಳ್ಳಿ. ಹಳೆಯದಾದ ಮೇಲೆ ಆ ಮಾಹಿತಿ ಆನ್‌ಲೈನ್‌ನಲ್ಲಿ ಸಿಗದೇ ಹೋಗಬಹುದು. 2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಕಾಯಿದೆಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಹಾಗಾಗಿ ಈಚಿನ ಲಕೋಟೆಯಾದರೆ ಯಾವ ಸೇವೆಯಲ್ಲಿ, ಯಾವ ಹೆಚ್ಚುವರಿ ಸೌಲಭ್ಯದೊಂದಿಗೆ ಕಳಿಸಿದ್ದಾರೆ ಎಂಬುದನ್ನು ರಸೀದಿಯಲ್ಲಿ ಓದಿ ಬರೆದಿಟ್ಟುಕೊಳ್ಳಿ.

ಆಮೇಲೆ ಆದೇಶ ಹೊರಡಿಸಿದ ಕಚೇರಿಯಲ್ಲಿ ಕಡತ ಪರಿಶೀಲನೆಗೆ ಅರ್ಜಿ ಕೊಡಿ. ವಾಪಸ್ ಬಂದ ಲಕೋಟೆ, ಸ್ವೀಕೃತಿ ಕಾರ್ಡು, ರವಾನೆ ವಹಿಯ ಪುಟ, ಈ ಮೂರರ ದೃಢೀಕೃತ ನಕಲು ಕೇಳಿ. ವಾಪಸಾದ ಲಕೋಟೆಯನ್ನು ಕಡತಕ್ಕೆ ಹೊಲಿದು, ಆದೇಶದಲ್ಲಿ ಮಾತ್ರ ‘ಜಾರಿಯಾಗಿದೆ’ ಎಂದು ಬರೆದಿರುವುದು ಅಪರೂಪವಲ್ಲ. ಆ ಲಕೋಟೆಯೊಂದೇ ನಿಮ್ಮ ಇಡೀ ಅರ್ಜಿಯನ್ನು ಹೊತ್ತು ನಿಲ್ಲಬಲ್ಲದು.

ವಿತರಣೆಯ ದಾಖಲೆಗಾಗಿ ಅಂಚೆ ವಿಭಾಗದ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಈ ಸಂಖ್ಯೆಯ ಪತ್ರವನ್ನು ಯಾವ ದಿನ, ಯಾರಿಗೆ ಕೊಡಲಾಯಿತು, ಸಹಿಯ ಪ್ರತಿ ಕೊಡಿ’ ಎಂದು ನೇರವಾಗಿ ಕೇಳಿ. ‘ಏಕೆ ತಲುಪಿಸಲಿಲ್ಲ’ ಎಂದು ಕೇಳಿದರೆ ಕಾರಣ ಕೇಳುವುದು ಮಾಹಿತಿಯಲ್ಲ ಎಂದು ಅರ್ಜಿ ತಿರುಗಿ ಬರುತ್ತದೆ. ಮುಖ್ಯವಾಗಿ, ಈ ಉತ್ತರಕ್ಕಾಗಿ ಕಾದು ಮೇಲ್ಮನವಿಯನ್ನು ಮುಂದೂಡಬೇಡಿ. ಅಪೀಲು ಹಾಕಿ, ಅರ್ಜಿಯ ಸ್ವೀಕೃತಿಯನ್ನು ಜೊತೆಗಿಡಿ, ಉತ್ತರ ಬಂದಾಗ ಮೆಮೋ ಮೂಲಕ ಸೇರಿಸಿ. ದಾಖಲೆಗಾಗಿ ಕಾದ ದಿನಗಳೂ ವಿಳಂಬವೇ.

ನೀವು ಊರಲ್ಲಿರಲಿಲ್ಲ ಎನ್ನುವುದಾದರೆ ಪಾಸ್‌ಪೋರ್ಟಿನ ಮೊಹರು, ರೈಲು ಟಿಕೆಟ್, ಕೆಲಸದ ಸ್ಥಳದ ಹಾಜರಿ. ಆಸ್ಪತ್ರೆಯಲ್ಲಿದ್ದಿರಿ ಎನ್ನುವುದಾದರೆ ಡಿಸ್ಚಾರ್ಜ್ ಸಾರಾಂಶ. ಅಪೀಲು ಹಾಕುವ ಹಿಂದಿನ ದಿನ ಬರೆಸಿ ತಂದ ವೈದ್ಯಕೀಯ ಸರ್ಟಿಫಿಕೇಟಿಗೆ ನ್ಯಾಯಾಧೀಶರು ಬೆಲೆ ಕೊಡುವುದು ಕಡಿಮೆ.

## ಹಂತ 6: ಅಫಿಡವಿಟ್ ಬರೆಯಿರಿ

ಎಲ್ಲರೂ ಬರೆಯುವುದು ಹೀಗೆ: ‘ನಾನು ಕಾನೂನು ತಿಳಿಯದ ರೈತ. ಅನಾರೋಗ್ಯದ ಕಾರಣ ಸಕಾಲಕ್ಕೆ ಬರಲಾಗಲಿಲ್ಲ. ವಿಳಂಬ ಉದ್ದೇಶಪೂರ್ವಕವಲ್ಲ.’ ಇದರಲ್ಲಿ ದಿನಾಂಕವಿಲ್ಲ, ದಾಖಲೆಯಿಲ್ಲ, ಅಂಚೆಯ ಬಗ್ಗೆ ಮಾತೇ ಇಲ್ಲ.

ಅದೇ ವಿಷಯವನ್ನು ಹೀಗೆ ಬರೆಯಬಹುದು:

‘2025ರ ಮಾರ್ಚ್ 4ರಂದು ಆದೇಶ ಕಳಿಸಿದ ಲಕೋಟೆಯ ಮೇಲೆ ನನ್ನ ಹಿಂದಿನ ವಿಳಾಸವಿದೆ. ಆ ಮನೆಯನ್ನು ನಾನು 2024ರ ಆಗಸ್ಟ್‌ನಲ್ಲಿ ಖಾಲಿ ಮಾಡಿದ್ದೇನೆ. ಹೊಸ ಮನೆಯ ಬಾಡಿಗೆ ಕರಾರು ಅನುಬಂಧ 2. ಹೊಸ ವಿಳಾಸವನ್ನು 2024ರ ಸೆಪ್ಟೆಂಬರ್ 9ರಂದು ಬರವಣಿಗೆಯಲ್ಲಿ ತಿಳಿಸಿದ್ದೇನೆ. ಸ್ವೀಕೃತಿ ಮೊಹರಿನ ಪ್ರತಿ ಅನುಬಂಧ 3. ಲಕೋಟೆ “ಮನೆ ಬಿಟ್ಟಿದ್ದಾರೆ” ಎಂಬ ಷರಾದೊಂದಿಗೆ ಮರಳಿದೆ; ಅದರ ನಕಲು ಅನುಬಂಧ 4. ಆದೇಶದ ವಿಷಯ ನನಗೆ ಮೊದಲು ತಿಳಿದದ್ದು 2025ರ ಜೂನ್ 16ರಂದು, ವಸೂಲಿ ನೋಟಿಸು ಬಂದಾಗ. ಮರುದಿನವೇ ನಕಲಿಗೆ ಅರ್ಜಿ ಹಾಕಿದೆ. ಜೂನ್ 27ರಂದು ನಕಲು ದೊರೆಯಿತು.’

ಈ ಮಾದರಿಯಲ್ಲಿ ಪ್ರತಿ ವಾಕ್ಯಕ್ಕೂ ಒಂದು ಕಾಗದ ಅಂಟಿಕೊಂಡಿದೆ. ಇದನ್ನೇ ಅನುಸರಿಸಿ.

ಕೋರಿಕೆಯನ್ನು ಎರಡು ಮೆಟ್ಟಿಲಾಗಿ ಬರೆಯಿರಿ. ಮೊದಲನೆಯದು: ಆದೇಶ ಜೂನ್ 16ರವರೆಗೆ ನನಗೆ ತಿಳಿಸಲ್ಪಟ್ಟಿಲ್ಲ, ಆದ್ದರಿಂದ ಮೇಲ್ಮನವಿ ಅವಧಿಯೊಳಗೇ ಇದೆ. ಪರ್ಯಾಯವಾಗಿ: ವಿಳಂಬವಿದೆ ಎಂದು ಕಂಡುಬಂದರೆ ಇಷ್ಟು ದಿನಗಳನ್ನು ಮನ್ನಿಸಬೇಕು. ವಿಳಂಬ ಮನ್ನಾ ಮಾತ್ರ ಕೇಳಿದರೆ ಅಂಚೆ ತಲುಪಿತ್ತು ಎಂದು ನೀವೇ ಒಪ್ಪಿಕೊಂಡಂತೆ ಎದುರಾಳಿ ವಾದಿಸುತ್ತಾರೆ. ಮೊದಲ ಕೋರಿಕೆ ಮಾತ್ರ ಇಟ್ಟುಕೊಂಡರೆ ಅದು ಬಿದ್ದ ದಿನ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಯಾವ ಅವಧಿಯನ್ನು ವಿವರಿಸಬೇಕು? ಕಾರಣ ಕಾಲಮಿತಿ ಮುಗಿಯುವ ಮೊದಲೇ ಹುಟ್ಟಿರಬೇಕು ಎಂದು 1981ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊನೆಯ ದಿನ ಜುಲೈ 18 ಆಗಿದ್ದು, ಜ್ವರ ಬಂದದ್ದು ಆಗಸ್ಟ್ 1ಕ್ಕಾದರೆ ಜುಲೈ 18ರೊಳಗೆ ಏಕೆ ಹಾಕಲಿಲ್ಲ ಎಂಬುದಕ್ಕೆ ಜ್ವರ ಉತ್ತರವಾಗುವುದಿಲ್ಲ. ತಿಳಿದ ದಿನದಿಂದ ಹಾಕಿದ ದಿನದವರೆಗಿನ ನಡುವಣ ದಿನಗಳನ್ನೂ ಬಿಡಬೇಡಿ. ತುಂಬ ಅರ್ಜಿಗಳು ಸೋರುವುದು ಇಲ್ಲೇ: ಅಂಚೆ ಬರಲಿಲ್ಲ ಎಂಬುದನ್ನು ಚೆನ್ನಾಗಿ ತೋರಿಸಿ, ನಕಲು ಸಿಕ್ಕ ಮೇಲೆ ಎರಡು ತಿಂಗಳು ಸುಮ್ಮನಿದ್ದುದಕ್ಕೆ ಒಂದು ಮಾತೂ ಬರೆದಿರುವುದಿಲ್ಲ.

ತೀರ್ಪುಗಳನ್ನು ಉಲ್ಲೇಖಿಸುವಾಗ ಎರಡೂ ಕಡೆ ನೋಡಿ. 1987ರ ಕಾತಿಜಿ ಪ್ರಕರಣದ ಉದಾರ ಧೋರಣೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ನಮ್ಮ ರಾಜ್ಯದಿಂದಲೇ ಹೋದ ಬಸವರಾಜ್ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ ಪ್ರಕರಣದಲ್ಲಿ, 2013ರಲ್ಲಿ, ಐದೂವರೆ ವರ್ಷದ ವಿಳಂಬವನ್ನು ಸುಪ್ರೀಂ ಕೋರ್ಟು ಮನ್ನಿಸಲಿಲ್ಲ. ಕಾರಣವೇ ಇಲ್ಲದೆ ಕರುಣೆಯಿಂದ ಮನ್ನಿಸಲಾಗದು ಎಂದಿತು. ಎದುರು ಪಕ್ಷ ಸರ್ಕಾರವೇ ಆಗಿದ್ದು, ತಡ ಮಾಡಿದ್ದೂ ಅದೇ ಆಗಿದ್ದರೆ, ಕಡತ ಮೇಜಿನಿಂದ ಮೇಜಿಗೆ ತಿರುಗಿತು ಎಂಬ ವಿವರಣೆ ಸಾಲದು ಎಂದ 2012ರ ಪೋಸ್ಟ್ ಮಾಸ್ಟರ್ ಜನರಲ್ ಪ್ರಕರಣ ನಿಮ್ಮ ನೆರವಿಗೆ ಬರುತ್ತದೆ.

ವಕೀಲರ ಮೇಲೆ ತಪ್ಪು ಹೊರಿಸುವ ಮುನ್ನ ಎರಡು ಸಲ ಯೋಚಿಸಿ. ‘ವಕೀಲರು ತಿಳಿಸಲಿಲ್ಲ’ ಎಂದು ಬರೆದರೆ ನೀವು ಅವರನ್ನು ಯಾವಾಗ ವಿಚಾರಿಸಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಕರೆ, ವಾಟ್ಸ್‌ಆ್ಯಪ್ ಸಂದೇಶ, ಪತ್ರ, ಯಾವುದಾದರೂ ಇದ್ದರೆ ಮಾತ್ರ ಬರೆಯಿರಿ.

ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಅಫಿಡವಿಟ್‌ಗೆ ಪ್ರಮಾಣ ಮಾಡಬಹುದು. ‘ಊರಿಗೆ ಬಂದಾಗ ಸಹಿ ಮಾಡುತ್ತೇನೆ’ ಎಂದು ಕಾದರೆ ಆ ತಿಂಗಳುಗಳಿಗೂ ಲೆಕ್ಕ ಕೊಡಬೇಕಾಗುತ್ತದೆ.

## ಹಂತ 7: ಸಲ್ಲಿಸುವ ಕ್ರಮ

ಅಪೀಲು ಮೆಮೋ, ತೀರ್ಪಿನ ನಕಲು, ವಕಾಲತ್ತು, ಕೋರ್ಟ್ ಫೀ, ವಿಳಂಬ ಮನ್ನಾ ಐ.ಎ. (ಮಧ್ಯಂತರ ಅರ್ಜಿ), ಅದರ ಅಫಿಡವಿಟ್, ಅನುಬಂಧಗಳು. ಇವೆಲ್ಲ ಒಟ್ಟಿಗೇ ಹೋಗಬೇಕು. ಸಂಹಿತೆಯ 41ನೇ ಆದೇಶದ 3ಎ ನಿಯಮ ವಿಳಂಬದ ಅರ್ಜಿ ಅಪೀಲಿನ ಜೊತೆಗೇ ಇರಬೇಕು ಎನ್ನುತ್ತದೆ. ಮರೆತು ಹಾಕಿದ್ದರೆ ಸರಿಪಡಿಸಲು ಬರುತ್ತದೆ ಎಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಆದರೂ ಕಚೇರಿ ಆಕ್ಷೇಪಣೆಯಲ್ಲಿ ವಾರಗಳು ಹೋಗುತ್ತವೆ. ಎದುರಾಳಿ ವಿಳಂಬದ ಮಾತು ಎತ್ತದಿದ್ದರೂ ಕೋರ್ಟು ತಾನಾಗಿಯೇ ನೋಡಬೇಕು ಎಂದು ಕಾಲಮಿತಿ ಕಾಯಿದೆಯ 3ನೇ ಕಲಮಿದೆ. ಹಾಗಾಗಿ ‘ಯಾರೂ ಗಮನಿಸಲಿಕ್ಕಿಲ್ಲ’ ಎಂಬ ಲೆಕ್ಕಾಚಾರ ಬೇಡ.

ಅದೇ ನಿಯಮದ ಇನ್ನೊಂದು ಭಾಗ ಜನರನ್ನು ಕಂಗೆಡಿಸುತ್ತದೆ: ವಿಳಂಬದ ಅರ್ಜಿ ಹಾಕಿದ ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಲು ಕೋರ್ಟು ತೀರ್ಮಾನಿಸುವವರೆಗೆ ಡಿಕ್ರಿಯ ಜಾರಿಗೆ ತಡೆ ಕೊಡುವಂತಿಲ್ಲ. ಅಂದರೆ ಅಮಲ್ಜಾರಿ ಕೇಸು ಅತ್ತ ಓಡುತ್ತಿರುತ್ತದೆ. ಸ್ವತ್ತಿನ ಸ್ವಾಧೀನ ತಪ್ಪುವ ಭಯವಿದ್ದರೆ ವಿಳಂಬದ ಅರ್ಜಿಯನ್ನು ಬೇಗ ಕೇಳುವಂತೆ ಮೊದಲ ದಿನವೇ ಬಿನ್ನವಿಸಿ.

ಎದುರಾಳಿಗಳ ಈಗಿನ ವಿಳಾಸ ಕೊಡಿ, ಬಟವಾಡೆ ಶುಲ್ಕ ಕೂಡಲೇ ಕಟ್ಟಿ. ತಮಗೆ ನೋಟಿಸು ತಲುಪಲಿಲ್ಲ ಎಂದು ಬಂದವರೇ ಎದುರಿನವರಿಗೆ ಹಳೆಯ ವಿಳಾಸ ಕೊಟ್ಟು ಆರು ತಿಂಗಳು ಕಳೆಯುವುದನ್ನು ಕೋರ್ಟುಗಳು ಸಹಿಸುವುದಿಲ್ಲ. ಗ್ರಾಹಕರ ಆಯೋಗದ ಅಪೀಲಾದರೆ, ಹಣ ಕೊಡಬೇಕೆಂದು ಆದೇಶವಾಗಿರುವವರು ಅದರ ಶೇಕಡಾ 50ರಷ್ಟನ್ನು ಠೇವಣಿ ಇಡದೆ ಅಪೀಲು ನಿಲ್ಲದು.

ವಕೀಲರ ಖರ್ಚು ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಇಟ್ಟುಕೊಳ್ಳಿ. ವಿಳಂಬದ ವಿವರಣೆಯಲ್ಲಿ ಅದೂ ಒಂದು ದಾಖಲೆ.

## ಹಂತ 8: ವಿಚಾರಣೆಯ ದಿನ

ಎದುರಾಳಿ ಆಕ್ಷೇಪಣೆಯ ಜೊತೆ ಅಂಚೆ ರಸೀದಿ ಹಾಕಿದರೆ ಅದರ ನಕಲು ಕೇಳಿ ಪಡೆದು, ಸಂಖ್ಯೆಯನ್ನು ನಿಮ್ಮ ಲಕೋಟೆಯ ಸಂಖ್ಯೆಗೆ ಹೋಲಿಸಿ. ಬೇರೊಂದು ನೋಟಿಸಿನ ರಸೀದಿಯನ್ನು ಈ ಆದೇಶದ್ದೆಂದು ಹಾಕಿರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ವಾಸ್ತವಾಂಶದ ತಕರಾರು ಗಟ್ಟಿಯಾಗಿದ್ದರೆ ಸಾಕ್ಷ್ಯ ಹೇಳಲು ಅವಕಾಶ ಕೇಳಿ, ಬೇಕಾದರೆ ಪೋಸ್ಟ್‌ಮ್ಯಾನ್‌ಗೆ ಸಮನ್ಸು ಕೋರಿ. ಪಾಟೀಸವಾಲಿನಲ್ಲಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ‘ಲಕೋಟೆಯ ಮೇಲಿರುವುದು ನಿಮ್ಮದೇ ವಿಳಾಸ ತಾನೇ?’ ಎಂಬುದು. ಅಫಿಡವಿಟ್‌ನ ಶಿರೋನಾಮೆಯಲ್ಲಿ ಅದೇ ಹಳೆಯ ವಿಳಾಸ ಬರೆದು ಬಂದವರು ಅಲ್ಲಿಗೇ ಸೋತಂತೆ. ಸಲ್ಲಿಸುವ ಮೊದಲೇ ಅದನ್ನು ತಿದ್ದಿ.

ವೆಚ್ಚ ಕಟ್ಟುವ ಷರತ್ತಿನ ಮೇಲೆ ವಿಳಂಬ ಮನ್ನಾ ಆದರೆ, ಕೊಟ್ಟ ಗಡುವಿನೊಳಗೆ ಕಟ್ಟಿ ರಸೀದಿ ಹಾಜರುಪಡಿಸಿ. ಗಡುವು ತಪ್ಪಿದರೆ ಮನ್ನಾ ಆದೇಶವೇ ಬಿದ್ದುಹೋಗಬಹುದು. ಅರ್ಜಿ ವಜಾ ಆದರೆ ಅದೇ ದಿನ ಆ ಆದೇಶದ ನಕಲಿಗೆ ಅರ್ಜಿ ಹಾಕಿ. ಮುಂದಿನ ಕೋರ್ಟಿನ ಕಾಲಮಿತಿ ಅಲ್ಲಿಂದಲೇ ಓಡಲು ಶುರುವಾಗಿರುತ್ತದೆ.